ಕೋಬಾಲ್‌ನಿಂದ ಜಾವಾಕ್ಕೆ ಬಂದಿದ್ದೇನೆ. ಪ್ರೋಗ್ರಾಂ ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುತ್ತಿಲ್ಲ

ಎಂಬತ್ತು ಕಾಲಂ

1998ರಲ್ಲಿ ವೈ2ಕೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರಲ್ಲಿ ನಾನೂ ಒಬ್ಬ. ಎರಡಂಕಿಯ ಇಸವಿಯನ್ನು ನಾಲ್ಕಂಕಿಗೆ ಹಿಗ್ಗಿಸುವುದು ನನ್ನ ಮೊದಲ ಸಂಬಳದ ಕೆಲಸ. ಅಂದಿನಿಂದ ಕೋಬಾಲ್ ಎಂಬ ಹಳೆಯ ಪ್ರೋಗ್ರಾಂ ಭಾಷೆಯ ಅನ್ನವನ್ನೇ ಉಂಡಿದ್ದೇನೆ. ವಿಮಾ ಕಂಪನಿಯೊಂದರ ಮೇನ್‌ಫ್ರೇಮ್, ರಾತ್ರಿಯ ಬ್ಯಾಚ್, ಅದು ಕೆಟ್ಟು ನಿಂತರೆ ಬೆಳಗಿನ ಜಾವದ ಫೋನ್. ಈಗ ಆ ವ್ಯವಸ್ಥೆಯನ್ನು, ಎಲ್ಲವನ್ನೂ ‘ಕ್ಲಾಸ್’, ‘ಆಬ್ಜೆಕ್ಟ್’ ಎಂದು ತುಂಡು ತುಂಡಾಗಿ ಬರೆಯುವ ಜಾವಾ ಭಾಷೆಗೆ ಸಾಗಿಸುತ್ತಿದ್ದಾರೆ. ಲೆಕ್ಕದ ಒಳಗುಟ್ಟು ಬಲ್ಲವನೆಂದು ನನ್ನನ್ನೂ ತಂಡಕ್ಕೆ ಸೇರಿಸಿಕೊಂಡಿದ್ದಾರೆ.

ಮೂರು ದಿನ ತರಬೇತಿ ಕೊಟ್ಟರು. ಮೊದಲ ದಿನವೆಲ್ಲ ನಾಯಿ, ಬೆಕ್ಕು. ನಾಯಿ ಒಂದು ಪ್ರಾಣಿ, ಬೆಕ್ಕೂ ಒಂದು ಪ್ರಾಣಿ. ಎರಡಕ್ಕೂ ‘ಸದ್ದು ಮಾಡು’ ಎಂದರೆ ಒಂದು ಬೊಗಳುತ್ತದೆ, ಇನ್ನೊಂದು ಮಿಯಾಂವ್ ಎನ್ನುತ್ತದೆ. ಅರ್ಥವಾಗದಿರಲು ಅದರಲ್ಲಿ ಏನಿದೆ? ಆದರೆ ನಾಲ್ಕನೆಯ ದಿನ ನಿಜವಾದ ಕೋಡ್ ತೆರೆದು ಕುಳಿತೆ. ನಲವತ್ತು ಫೈಲು, ಒಂದೊಂದರಲ್ಲಿ ಇಪ್ಪತ್ತು ಸಾಲು. ಪ್ರೀಮಿಯಂ ಲೆಕ್ಕ ಎಲ್ಲಿ ನಡೆಯುತ್ತದೆ ಎಂದು ಹುಡುಕಿಕೊಂಡು ಹೊರಟರೆ ತಾಲ್ಲೂಕು ಕಚೇರಿಗೆ ಹೋದ ಹಾಗಾಯಿತು. ಈ ಮೇಜಿನವರು ಆ ಮೇಜು ತೋರಿಸುತ್ತಾರೆ, ಆ ಮೇಜಿನವರು ಮಹಡಿ ಹತ್ತಿ ಎನ್ನುತ್ತಾರೆ, ಮಹಡಿಯಲ್ಲಿ ಇರುವುದು ಬರೀ ಇಂಟರ್ಫೇಸ್, ಏನೇನು ಕೇಳಬಹುದು ಎಂಬ ಪಟ್ಟಿ ಅಷ್ಟೆ, ಲೆಕ್ಕವಿಲ್ಲ. ಕಡತ ನೋಡುವ ಗುಮಾಸ್ತ ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಕೋಬಾಲ್ ಪ್ರೋಗ್ರಾಂ ಎಂಟು ಸಾವಿರ ಸಾಲಿದ್ದರೂ ಆದೇಶಗಳಿರುವ ಭಾಗವಾದ ಪ್ರೊಸೀಜರ್ ಡಿವಿಷನ್‌ನ ಮೊದಲ ಸಾಲಿಗೆ ಬೆರಳಿಟ್ಟು ಕೆಳಗಿಳಿಯಬಹುದು. ಇಲ್ಲಿ ಬೆರಳು ಎಲ್ಲಿ ಇಡಬೇಕು? ಇದೇ ದಾರಿಯಲ್ಲಿ ಬಂದವರು ದಯವಿಟ್ಟು ಹೇಳಿ. ಪುಸ್ತಕದ ಹೆಸರು ಬೇಡ, ಕಪಾಟಿನಲ್ಲಿ ಈಗಾಗಲೇ ನಾಲ್ಕು ಇವೆ.

ಸೆಮಿಕೋಲನ್

ನಮಸ್ಕಾರ ಸರ್. ನಾನು ಮೈಸೂರಿನಲ್ಲಿ ಆರು ವರ್ಷದಿಂದ ಜಾವಾ ಬರೆಯುತ್ತಿದ್ದೇನೆ. ನಾಲ್ಕು ಕಂಬಗಳನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ: ಎನ್‌ಕ್ಯಾಪ್ಸುಲೇಷನ್ (ಒಳಗಿನದನ್ನು ಮುಚ್ಚಿಡುವುದು), ಅಬ್‌ಸ್ಟ್ರಾಕ್ಷನ್ (ಬೇಕಾದಷ್ಟನ್ನೇ ತೋರಿಸುವುದು), ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಇನ್ನೊಂದನ್ನು ಬೆಳೆಸುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಒಂದೊಂದೂ ತನ್ನ ರೀತಿ ಉತ್ತರಿಸುವುದು). ಆಮೇಲೆ ಡಿಸೈನ್ ಪ್ಯಾಟರ್ನ್‌ಗಳನ್ನು, ಅಂದರೆ ಪದೇ ಪದೇ ಬರುವ ಸಮಸ್ಯೆಗಳ ಸಿದ್ಧ ಅಚ್ಚುಗಳನ್ನು, ಒಂದೊಂದಾಗಿ ಬರೆದು ನೋಡಿ. ಹೆಸರಾಂತ ಪುಸ್ತಕದಲ್ಲಿ ಇಪ್ಪತ್ತಮೂರೇ ಇರುವುದು.

ನಿವೃತ್ತ ಮೇಷ್ಟ್ರು

ತಂಗೀ, ಆ ನಾಲ್ಕು ಕಂಬಗಳ ಮೇಲೆ ಯಾರೂ ಮನೆ ಕಟ್ಟಿದ್ದನ್ನು ನಾನು ನೋಡಿಲ್ಲ, ಉತ್ತರಪತ್ರಿಕೆ ಮಾತ್ರ ನಿಲ್ಲುತ್ತದೆ. ನಾನೇ ಇಪ್ಪತ್ತು ವರ್ಷ ಹಾಗೆ ಪಾಠ ಮಾಡಿದ ಪಾಪಿ. ನಾಯಿಯೂ ನನ್ನ ತರಗತಿಯಲ್ಲಿ ಬೊಗಳಿದೆ.

ಎಂಬತ್ತು ಕಾಲಂ ಅವರೇ, ನಿಮಗೆ ಗೊತ್ತಿರುವುದರಿಂದಲೇ ಹೊರಡೋಣ. ನಿಮ್ಮ ವರ್ಕಿಂಗ್-ಸ್ಟೋರೇಜ್‌ನಲ್ಲಿ, ಅಂದರೆ ಪ್ರೋಗ್ರಾಂ ತನ್ನ ಮೌಲ್ಯಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಆರುನೂರು ಹೆಸರುಗಳಿವೆ ಎಂದುಕೊಳ್ಳಿ. ಆ ಆರುನೂರನ್ನೂ ಪ್ರೋಗ್ರಾಂನ ಯಾವ ಪ್ಯಾರಾಗ್ರಾಫ್ (ಹೆಸರಿಟ್ಟ ಆದೇಶಗಳ ತುಂಡು) ಬೇಕಾದರೂ ಮುಟ್ಟಬಹುದು, ಬದಲಿಸಬಹುದು. ಪಾಲಿಸಿಯ ಸ್ಥಿತಿ ಇದ್ದಕ್ಕಿದ್ದಂತೆ ‘ರದ್ದು’ ಎಂದಾಗಿದ್ದರೆ, ಯಾರು ಮಾಡಿದರು ಎಂದು ತಿಳಿಯಲು ಆ ಹೆಸರು ಬಂದಿರುವ ಕಡೆಯನ್ನೆಲ್ಲ ಹುಡುಕುತ್ತೀರಿ. ಎಷ್ಟು ರಾತ್ರಿ ಹೀಗೆ ಕಳೆದಿದ್ದೀರಿ ಎಂದು ನಾನು ಕೇಳುವುದಿಲ್ಲ.

ಈಗ ಆ ವರ್ಕಿಂಗ್-ಸ್ಟೋರೇಜ್ ಅನ್ನು ಕತ್ತರಿಸಿ. ಪಾಲಿಸಿಗೆ ಸೇರಿದ ಇಪ್ಪತ್ತು ಹೆಸರುಗಳು ಒಂದು ಕಡೆ; ಅವನ್ನು ಮುಟ್ಟುವ ಐದಾರು ಪ್ಯಾರಾಗ್ರಾಫ್‌ಗಳೂ ಅಲ್ಲೇ. ಹೊರಗಿನವರು ಆ ಹೆಸರುಗಳನ್ನು ನೋಡುವಂತಿಲ್ಲ, ಪ್ಯಾರಾಗ್ರಾಫ್‌ಗಳನ್ನು ಕರೆಯಬಹುದು ಅಷ್ಟೆ. ಇದೇ ಕ್ಲಾಸ್. ಇನ್ನು ಆ ತುಂಡಿನ ಹತ್ತು ಪ್ರತಿಗಳನ್ನು ಒಂದೇ ಸಲ ಜೀವಂತವಾಗಿ ಇಟ್ಟುಕೊಳ್ಳಬಹುದು, ಪ್ರತಿಯೊಂದಕ್ಕೂ ತನ್ನದೇ ವರ್ಕಿಂಗ್-ಸ್ಟೋರೇಜ್ ಎಂದರೆ ಅದೇ ಆಬ್ಜೆಕ್ಟ್. ನಿಮ್ಮ ತಾಲ್ಲೂಕು ಕಚೇರಿಯ ಮಾತಿನಲ್ಲೇ ಹೇಳುವುದಾದರೆ, ಪ್ರತಿ ಗುಮಾಸ್ತನಿಗೂ ಸ್ವಂತ ಬೀರು, ಕೀಲಿ ಅವನ ಸೊಂಟದಲ್ಲಿ. ಬೇರೆಯವರು ಅವನನ್ನು ಕೇಳಬೇಕೇ ಹೊರತು ಬೀರು ತೆರೆಯುವಂತಿಲ್ಲ. ನಿಮ್ಮ ಕೋಬಾಲ್‌ನಲ್ಲಿ ಕರೆದ ಉಪಪ್ರೋಗ್ರಾಂ ತನ್ನ ಮೌಲ್ಯಗಳನ್ನು ಮುಂದಿನ ಕರೆಯವರೆಗೂ ನೆನಪಿಟ್ಟುಕೊಳ್ಳುತ್ತದಲ್ಲ, ಅದು ಆಬ್ಜೆಕ್ಟ್‌ಗೆ ತೀರ ಹತ್ತಿರದ ನೆಂಟ. ಒಂದೇ ಪ್ರತಿ ಇರುವುದು ಅದರ ಕೊರತೆ.

ಕೋಬಾಲ್‌ನಲ್ಲಿ ಒಂದು ಮೌಲ್ಯಕ್ಕೆ ಷರತ್ತಿನ ಹೆಸರಿಡುವ 88ನೆಯ ಮಟ್ಟವನ್ನು ನೆನೆಸಿಕೊಳ್ಳಿ. ಸ್ಥಿತಿಯ ಅಕ್ಷರ ‘ಸಿ’ ಆಗಿದ್ದರೆ ಪಾಲಿಸಿ ಮುಗಿದಿದೆ ಎಂದು ಒಂದೇ ಕಡೆ ಬರೆದು, ಉಳಿದೆಡೆಯೆಲ್ಲ ‘ಪಾಲಿಸಿ ಮುಗಿದಿದ್ದರೆ’ ಎಂದು ಕೇಳುತ್ತಿದ್ದಿರಿ. ಅಕ್ಷರ ಯಾವುದೆಂದು ಕೇಳುವವನಿಗೆ ಗೊತ್ತಿರಬೇಕಾಗಿರಲಿಲ್ಲ. ಬದಲಾಗಬಹುದಾದ ನಿರ್ಧಾರವನ್ನು ಒಂದು ಗೋಡೆಯ ಹಿಂದೆ ಅಡಗಿಸಿಡಿ ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಬರೆದರು. ಅವರು ಹೇಳಿದ್ದು ಮಾಡ್ಯೂಲ್‌ಗಳ ಬಗ್ಗೆ. ಕ್ಲಾಸ್ ಎಂಬ ಪದವೂ ಬೇಕಾಗಿರಲಿಲ್ಲ.

ಕಡಲಾಚೆ

ನಾನಿರುವುದು ಓಸ್ಲೋದಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗದ ಕಡೆ ಹೋದರೆ ಒಂದು ಕಟ್ಟಡಕ್ಕೆ ಓಲೆ-ಯೋಹಾನ್ ಡಾಲ್ ಅವರ ಹೆಸರು, ಪಕ್ಕದ್ದಕ್ಕೆ ಕ್ರಿಸ್ಟನ್ ನ್ಯೂಗಾರ್ಡ್ ಅವರದು. ಕ್ಲಾಸ್, ಆಬ್ಜೆಕ್ಟ್, ಒಂದು ಕ್ಲಾಸಿನಿಂದ ಇನ್ನೊಂದನ್ನು ಬೆಳೆಸುವುದು, ಈ ಮೂರೂ ಇವರಿಬ್ಬರ ಸಿಮ್ಯುಲಾ 67 ಭಾಷೆಯಲ್ಲಿ ಮೊದಲು ಕೂಡಿಬಂದವು. ಅವರಿಗೆ ಬೇಕಾಗಿದ್ದದ್ದು ಸರದಿಯ ಸಾಲುಗಳ ಅಣಕು: ಕೌಂಟರಿನ ಮುಂದೆ ಗಿರಾಕಿಗಳು, ಬಂದರಿನ ಹೊರಗೆ ಕಾಯುವ ಹಡಗುಗಳು. ಒಂದೇ ಹೊತ್ತಿನಲ್ಲಿ ಇಪ್ಪತ್ತು ಹಡಗು ಕಾಯುತ್ತಿದ್ದರೆ ಪ್ರತಿಯೊಂದಕ್ಕೂ ಅದರದೇ ಸರಕು, ಅದರದೇ ಹೊತ್ತು, ಅದರದೇ ಮುಂದಿನ ಹೆಜ್ಜೆ. ಮೇಷ್ಟರು ಹೇಳಿದ ‘ಹತ್ತು ಪ್ರತಿ’ ಹುಟ್ಟಿದ್ದೇ ಈ ಅಗತ್ಯದಿಂದ. ಅಲ್ಗಾಲ್ 60 ಎಂಬ ಅಪ್ಪಟ ಹಳೆಯ ಶೈಲಿಯ ಭಾಷೆಯ ಮೇಲೆಯೇ ಅವರು ಇದನ್ನು ಕಟ್ಟಿದರು. ಆದ್ದರಿಂದ ಸರ್, ನೀವು ಬಂದಿರುವುದು ಪರದೇಶಕ್ಕೇನೂ ಅಲ್ಲ.

ನ್ಯೂಗಾರ್ಡ್, ಡಾಲ್ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು, ಇಬ್ಬರೂ 2002ರ ಬೇಸಿಗೆಯಲ್ಲಿ ಆರೇ ವಾರಗಳ ಅಂತರದಲ್ಲಿ ತೀರಿಕೊಂಡರು. ಇದು ವಿಷಯಾಂತರ, ಕ್ಷಮಿಸಿ.

ಮಲೆನಾಡಿನ ಫಾಕ್ಸ್

ನನ್ನದು ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಭಾಷೆಯ ಸಂಸಾರ. ನಮ್ಮ ಕಡೆಯ ಸಹಕಾರ ಸಂಘವೊಂದಕ್ಕೆ ಸಾಲದ ಲೆಕ್ಕ ಬರೆದುಕೊಟ್ಟವನು. ಅಡಿಕೆ ಮಾರಾಟದಿಂದ ಹಿಡಿದು ಸದಸ್ಯರ ಪಾಲು ಬಂಡವಾಳದವರೆಗೆ ಎಲ್ಲವೂ ಡಿಬಿಎಫ್ ಫೈಲುಗಳಲ್ಲಿ. ವಿಷುಯಲ್ ಫಾಕ್ಸ್‌ಪ್ರೋದಲ್ಲಿ ಕ್ಲಾಸ್‌ಗಳಿದ್ದವು, ಆದರೆ ನಾನು ಗುಂಡಿಯ ಕ್ಲಿಕ್ಕಿನೊಳಗೆ ನಾನೂರು ಸಾಲು ತುರುಕಿ ಅದನ್ನೇ ಕ್ಲಾಸ್ ಎಂದುಕೊಂಡಿದ್ದೆ. 2015ರಲ್ಲಿ ಅದಕ್ಕೆ ಕಂಪನಿಯ ಬೆಂಬಲ ನಿಂತ ಮೇಲೆ ಪೈಥಾನ್‌ಗೆ ಬಂದೆ.

ಬಂದವನು ಎರಡು ಸಲ ಬಿದ್ದೆ. ಮೊದಲ ಸಲ, ಎಲ್ಲವನ್ನೂ ಒಂದೇ ಕ್ಲಾಸಿಗೆ ಹಾಕಿದೆ. ಹೆಸರು ‘ಸಂಘ’. ಅದಕ್ಕೆ ನೂರಹತ್ತು ಮೆಥಡ್, ಅಂದರೆ ಕರೆದು ಮಾಡಿಸುವ ಕೆಲಸಗಳು. ಅದು ಹಳೆಯ ಪ್ರೋಗ್ರಾಂಗೇ ಹೊಸ ಅಂಗಿ. ಎರಡನೆಯ ಸಲ ಎಲ್ಲೋ ಓದಿಕೊಂಡು ಇನ್‌ಹೆರಿಟೆನ್ಸ್‌ಗೆ ಕೈಹಾಕಿದೆ, ವಂಶವೃಕ್ಷ ಬರೆದೆ. ಖಾತೆಯ ಮಗ ಸಾಲದ ಖಾತೆ, ಅದರ ಮಕ್ಕಳು ಅಲ್ಪಾವಧಿ, ಮಧ್ಯಮಾವಧಿ, ಅಲ್ಪಾವಧಿಯ ಮಗ ಬೆಳೆ ಸಾಲ. ಗೋಡೆಗೆ ಅಂಟಿಸಿ ನೋಡಿ ಹೆಮ್ಮೆಪಟ್ಟೆ.

ಆ ವರ್ಷ ಮಳೆ ಕೈಕೊಟ್ಟಿತು. ಬೆಳೆ ಸಾಲಗಳನ್ನು ಮಧ್ಯಮಾವಧಿಗೆ ಪರಿವರ್ತಿಸಿಕೊಡಿ ಎಂದು ಸುತ್ತೋಲೆ ಬಂತು. ಅದೇ ಸದಸ್ಯ, ಅದೇ ಸಾಲ, ಅದೇ ಖಾತೆ ಸಂಖ್ಯೆ. ಬಡ್ಡಿಯ ಲೆಕ್ಕ ಮಾತ್ರ ಬೇರೆ, ಕಂತು ಬೇರೆ. ನನ್ನ ವಂಶವೃಕ್ಷದಲ್ಲಿ ಬೆಳೆ ಸಾಲವಾಗಿ ಹುಟ್ಟಿದ ಆಬ್ಜೆಕ್ಟ್ ಬೆಳೆ ಸಾಲವಾಗಿಯೇ ಸಾಯಬೇಕು. ಹುಟ್ಟಿದ ಮನೆ ಬದಲಿಸಲು ಆಗುತ್ತದೆಯೇ? ಹಳೆಯದನ್ನು ಕೊಂದು ಹೊಸದನ್ನು ಹುಟ್ಟಿಸಿ, ಹಿಂದಿನ ಕಂತುಗಳ ಇತಿಹಾಸವನ್ನೆಲ್ಲ ಸಾಗಿಸುವ ಕೋಡ್ ಬರೆಯುತ್ತಾ ಕುಳಿತೆ. ಹಳೆಯ ಫಾಕ್ಸ್‌ಪ್ರೋದಲ್ಲಾಗಿದ್ದರೆ ಸಾಲದ ವಿಧ ಎಂಬ ಒಂದು ಕ್ಷೇತ್ರದಲ್ಲಿ ಒಂದು ಅಕ್ಷರ ಬದಲಿಸಿದರೆ ಮುಗಿಯುತ್ತಿತ್ತು. ಆ ರಾತ್ರಿ ಈ ಆಬ್ಜೆಕ್ಟ್ ಪಂಥವನ್ನೇ ಬೈದುಕೊಂಡೆ.

ಆಮೇಲೆ ಹೊಳೆಯಿತು. ಬದಲಾಗುವುದು ಸಾಲವಲ್ಲ, ಬಡ್ಡಿಯ ನಿಯಮ. ಹಾಗಾದರೆ ನಿಯಮವೇ ಒಂದು ಆಬ್ಜೆಕ್ಟ್ ಆಗಲಿ. ಸಾಲ ಒಂದೇ ಕ್ಲಾಸ್; ಅದರ ಜೇಬಿನಲ್ಲಿ ಒಂದು ಬಡ್ಡಿ ನಿಯಮ. ಬೆಳೆ ಸಾಲದ ನಿಯಮ, ಮಧ್ಯಮಾವಧಿಯ ನಿಯಮ, ಚಿನ್ನದ ಸಾಲದ ನಿಯಮ ಬೇರೆ ಬೇರೆ, ಆದರೆ ಕೇಳುವ ಪ್ರಶ್ನೆ ಒಂದೇ: ಈ ಮೊತ್ತಕ್ಕೆ ಈ ದಿನಾಂಕದಿಂದ ಈ ದಿನಾಂಕದವರೆಗೆ ಬಡ್ಡಿ ಎಷ್ಟು? ಪರಿವರ್ತನೆ ಎಂದರೆ ಜೇಬಿನಲ್ಲಿರುವ ಚೀಟಿ ಬದಲಿಸುವುದು. ಸಾಲದ ವಿಧ ನೋಡಿ ದಾರಿ ಆರಿಸುವ, ಮುನ್ನೂರು ಸಾಲಿನ ನನ್ನ ಡು ಕೇಸ್ ಕೂಡ ಅದರೊಂದಿಗೆ ಹೋಯಿತು, ಪ್ರತಿ ಕೇಸೂ ಒಂದೊಂದು ನಿಯಮವಾಯಿತು. ಎಂಬತ್ತು ಕಾಲಂ ಅವರೇ, ನಿಮ್ಮ ಪ್ರೋಗ್ರಾಂಗಳಲ್ಲಿ ಇದೇ ಕೆಲಸ ಮಾಡುವ, ಒಂದೊಂದು ವಿಧಕ್ಕೂ ಒಂದು ‘ವೆನ್’ ಇರುವ ಉದ್ದನೆಯ ಇವ್ಯಾಲ್ಯುಯೇಟ್ ಇದ್ದೇ ಇರುತ್ತದೆ. ಅದೇ ಪಾಲಿಸಿ ವಿಧವನ್ನು ಐದು ಕಡೆ ಇವ್ಯಾಲ್ಯುಯೇಟ್ ಮಾಡಿದ್ದರೆ ಬೆರಳು ಇಡಬೇಕಾದದ್ದು ಅಲ್ಲಿ.

ಸೆಮಿಕೋಲನ್

ಇದು ಸ್ಟ್ರಾಟೆಜಿ ಪ್ಯಾಟರ್ನ್ ಎಂದು ಹೇಳಲು ಬೆರಳು ತುರಿಸುತ್ತಿದೆ. ಆದರೆ ಮಳೆ ಕೈಕೊಟ್ಟಾಗ ಅದು ಏಕೆ ಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಇಪ್ಪತ್ತಮೂರು ಪ್ಯಾಟರ್ನ್‌ಗಳ 1994ರ ಪುಸ್ತಕದಲ್ಲೇ ವಂಶದ ಸಂಬಂಧಕ್ಕಿಂತ ಜೋಡಣೆಗೆ ಆದ್ಯತೆ ಕೊಡಿ ಎಂಬ ಮಾತಿದೆ. ಓದಿ ದಾಟಿಬಿಟ್ಟಿದ್ದೆ.

ಎಂಬತ್ತು ಕಾಲಂ

ಎಲ್ಲರಿಗೂ ಧನ್ಯವಾದ. ಮೇಷ್ಟರ ಬೀರು, ಫಾಕ್ಸ್ ಅವರ ಚೀಟಿ ಎರಡೂ ತಲೆಯಲ್ಲಿ ಕುಳಿತವು. ಆ ಹುರುಪಿನಲ್ಲೇ ಒಂದು ಸಣ್ಣ ಕೆಲಸ ಕೇಳಿ ತೆಗೆದುಕೊಂಡೆ: ಕಂತು ಬಾಕಿ ಇರುವ ಪಾಲಿಸಿಗಳನ್ನು ಫೈಲಿನಿಂದ ಓದಿ ಪಟ್ಟಿ ಮಾಡುವುದು. ಕೋಬಾಲ್‌ನಲ್ಲಿ ಅರ್ಧ ಗಂಟೆಯ ಕೆಲಸ.

ಪರೀಕ್ಷೆಯ ಫೈಲಿನಲ್ಲಿ 412 ದಾಖಲೆ. ಓಡಿಸಿದೆ. ಪಟ್ಟಿಯಲ್ಲಿ 412 ಸಾಲು ಸರಿಯಾಗಿ ಬಂದವು. ನಾನೂರ ಹನ್ನೆರಡರಲ್ಲೂ ಒಬ್ಬರದೇ ಹೆಸರು, ಒಂದೇ ಪಾಲಿಸಿ ಸಂಖ್ಯೆ! ಫೈಲಿನ ಕಟ್ಟಕಡೆಯ ದಾಖಲೆಯದು. ಓದುವಾಗ ಒಂದೊಂದನ್ನೂ ಪರದೆಗೆ ಅಚ್ಚು ಹಾಕಿ ನೋಡಿದರೆ ಎಲ್ಲ ಬೇರೆ ಬೇರೆ, ಸರಿಯಾಗಿಯೇ ಇವೆ. ಪಟ್ಟಿಗೆ ಸೇರಿದ ಮೇಲೆ ಹಾಳಾಗುತ್ತವೆ. ನಾನು ಮಾಡಿದ್ದಿಷ್ಟು: ದಾಖಲೆಗಳನ್ನು ಒಂದೊಂದಾಗಿ ಓದುವ ಲೂಪಿಗೆ ಮುಂಚೆ ಒಂದು ಪಾಲಿಸಿ ಆಬ್ಜೆಕ್ಟ್ ಮಾಡಿಕೊಂಡೆ, ಒಳಗೆ ಪ್ರತಿ ಸಲ ಅದಕ್ಕೆ ಹೊಸ ಮೌಲ್ಯ ತುಂಬಿದೆ, ಪಟ್ಟಿಗೆ ಸೇರಿಸಿದೆ. ಎರಡು ದಿನ ಹೋಯಿತು. ಪಕ್ಕದ ಹುಡುಗನನ್ನು ಕೇಳಲು ನಾಚಿಕೆ, ಇಲ್ಲಿ ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು

ನಾಚಿಕೆ ಏಕೆ? ನೀವು ತುಂಬ ಒಳ್ಳೆಯ ಕೋಬಾಲಿಗ ಎಂಬುದಕ್ಕೆ ಇದು ಸಾಕ್ಷಿ. ಅಲ್ಲಿ ಒಂದೇ 01 ಮಟ್ಟದ ದಾಖಲೆ. ಅದರೊಳಕ್ಕೆ ಓದಿ, ಟೇಬಲ್ಲಿಗೆ ಮೂವ್ ಮಾಡುತ್ತಿದ್ದಿರಿ. ಮೂವ್ ಎಂದರೆ ಹೆಸರಿಗೆ ಸಾಗಣೆ, ನಿಜದಲ್ಲಿ ನಕಲು. ಬೈಟುಗಳು ಅಲ್ಲಿಂದ ಇಲ್ಲಿಗೆ ಪ್ರತಿಯಾಗುತ್ತವೆ, ಮೂಲವನ್ನು ಆಮೇಲೆ ಏನು ಮಾಡಿದರೂ ಟೇಬಲ್ ಕದಲುವುದಿಲ್ಲ.

ಜಾವಾದಲ್ಲಿ ಪಟ್ಟಿಗೆ ಸೇರಿದ್ದು ಪಾಲಿಸಿಯಲ್ಲ, ಪಾಲಿಸಿಯ ವಿಳಾಸ. ನೀವು ಲೂಪಿನ ಹೊರಗೆ ಒಂದೇ ಮನೆ ಕಟ್ಟಿದಿರಿ. ಪ್ರತಿ ಸುತ್ತಿನಲ್ಲಿ ಹಳೆಯ ಬಾಡಿಗೆದಾರನನ್ನು ಬಿಡಿಸಿ ಹೊಸಬನನ್ನು ಕೂರಿಸಿದಿರಿ, ಡೈರಿಯಲ್ಲಿ ಅದೇ ಮನೆಯ ವಿಳಾಸವನ್ನು 412 ಸಲ ಬರೆದುಕೊಂಡಿರಿ. ಕೊನೆಗೆ ಯಾವ ಸಾಲು ಹಿಡಿದು ಹೋದರೂ ಬಾಗಿಲು ತೆರೆಯುವವನು ಕೊನೆಯ ಬಾಡಿಗೆದಾರ. ಹೊಸ ಆಬ್ಜೆಕ್ಟ್ ಹುಟ್ಟಿಸುವ ‘ನ್ಯೂ’ ಎಂಬ ಪದವಿರುವ ಸಾಲನ್ನು ಲೂಪಿನೊಳಕ್ಕೆ ತನ್ನಿ, ಪ್ರತಿಯೊಬ್ಬನಿಗೂ ಮನೆ ಸಿಗುತ್ತದೆ.

ನನ್ನನ್ನು ಕೇಳಿದರೆ, ಹಳೆಯ ಭಾಷೆಯಿಂದ ಬರುವವರಿಗೆ ಮೊದಲ ದಿನ ಹೇಳಬೇಕಾದದ್ದು ಇದು. ಎ ಯನ್ನು ಬಿ ಗೆ ಕೊಟ್ಟರೆ ಅಂಕಿಯಾದರೆ ನಕಲು, ಆಬ್ಜೆಕ್ಟ್ ಆದರೆ ವಿಳಾಸ. ನಾಯಿ ಬೆಕ್ಕು ಒಂದು ತಿಂಗಳು ಕಾಯಬಹುದಿತ್ತು.

ಸೆಮಿಕೋಲನ್

ಸರ್, ಸಾಧ್ಯವಾದರೆ ಆ ಪಾಲಿಸಿಯನ್ನು ‘ರೆಕಾರ್ಡ್’ ಆಗಿ ಬರೆಯಿರಿ. ಜಾವಾ 16ರಿಂದ ಇದೆ. ಹುಟ್ಟುವಾಗಲೇ ಎಲ್ಲ ಮೌಲ್ಯ ಕೊಡಬೇಕು, ಆಮೇಲೆ ಆ ಕ್ಷೇತ್ರಗಳಿಗೆ ಬೇರೆ ಮೌಲ್ಯ ತುಂಬಲು ಬಿಡುವುದಿಲ್ಲ. ನಿಮ್ಮ ಆ 412ರ ತಪ್ಪನ್ನು ಮಾಡಲು ಹೋದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ.

ಬ್ಯಾಚ್ ಭಕ್ತ

ಇಷ್ಟೆಲ್ಲ ಬೇಕೇ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವಲ್ಲ. ಫೈಲು ಓದು, ಲೆಕ್ಕ ಹಾಕು, ಫೈಲು ಬರೆ. ಇದಕ್ಕೆ ಗುಮಾಸ್ತರ ದಂಡು ಏಕೆ? ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಹೆಸರಿಟ್ಟ ಆಲನ್ ಕೇ ಅವರೇ 1998ರಲ್ಲಿ ಆ ‘ಆಬ್ಜೆಕ್ಟ್’ ಪದಕ್ಕಾಗಿ ವಿಷಾದಪಟ್ಟಿದ್ದಾರೆ. 2009ರಲ್ಲಿ ಬಂದ ಗೋ ಭಾಷೆಯಲ್ಲಿ ಇನ್‌ಹೆರಿಟೆನ್ಸ್ ಇಲ್ಲವೇ ಇಲ್ಲ, ಯಾರೂ ಸತ್ತಿಲ್ಲ.

ಕಡಲಾಚೆ

ಕೇ ಅವರ ವಿಷಾದವನ್ನು ಪೂರ್ತಿ ಹೇಳಿ. ಆ ಪದದಿಂದಾಗಿ ಜನರ ಗಮನ ಸಣ್ಣ ವಿಚಾರದ ಕಡೆ ಹೋಯಿತು, ದೊಡ್ಡದು ಸಂದೇಶ ಎಂಬುದು ಅವರ ಮಾತು. ಅಂದರೆ ಬೀರಿನೊಳಗೆ ಏನಿದೆ ಎಂಬುದಕ್ಕಿಂತ ಗುಮಾಸ್ತರು ಒಬ್ಬರನ್ನೊಬ್ಬರು ಏನು ಕೇಳುತ್ತಾರೆ ಎಂಬುದು ಮುಖ್ಯ. ಅದು ನಿಮ್ಮ ವಾದಕ್ಕೆ ಒದಗುವುದಿಲ್ಲ. ಆದರೆ ಓದು, ಲೆಕ್ಕ ಹಾಕು, ಬರೆ ಎಂಬಷ್ಟೇ ಕೆಲಸಕ್ಕೆ ನೇರ ಪ್ರೋಗ್ರಾಂ ಸಾಕು ಎಂಬುದನ್ನು ಒಪ್ಪುತ್ತೇನೆ.

ಎಂಬತ್ತು ಕಾಲಂ

‘ನ್ಯೂ’ ಒಳಗೆ ಬಂತು, 412 ಜನರೂ ತಮ್ಮ ತಮ್ಮ ಮನೆ ಸೇರಿದರು.

ಈ ವಾರ ನನಗೂ ಒಂದು ಹೇಳುವ ಸರದಿ ಬಂತು. ಹಳೆಯ ಬ್ಯಾಚ್ ಮತ್ತು ಹೊಸ ಜಾವಾದ ಮೊತ್ತಗಳು ಕೆಲವು ಪಾಲಿಸಿಗಳಲ್ಲಿ ಒಂದು ಪೈಸೆ ತಪ್ಪುತ್ತಿದ್ದವು. ತಂಡದವರು ಮೇನ್‌ಫ್ರೇಮ್‌ನ ಮೇಲೆ ಅನುಮಾನಪಟ್ಟರು. ನೋಡಿದರೆ ಹೊಸ ಕೋಡ್‌ನಲ್ಲಿ ಹಣವನ್ನು ‘ಡಬಲ್’ ಎಂಬ ಸಂಖ್ಯೆಯ ಬಗೆಯಲ್ಲಿ ಇಟ್ಟಿದ್ದಾರೆ. ನಮ್ಮ ಕೋಬಾಲ್‌ನಲ್ಲಿ ಹೆಸರಿನ ಅಳತೆ ಹೇಳುವ ‘ಪಿಕ್ಚರ್’ ಬರೆಯುವಾಗಲೇ ಏಳು ಅಂಕಿ, ದಶಮಾಂಶ, ಎರಡು ಅಂಕಿ ಎಂದು ಗೆರೆ ಎಳೆದಿರುತ್ತೇವೆ. ಯಂತ್ರ ಹತ್ತರ ಲೆಕ್ಕದಲ್ಲೇ ನಡೆಯುತ್ತದೆ. ಡಬಲ್ ಎರಡರ ಲೆಕ್ಕದ್ದು. 1.005 ಎಂದು ಬರೆದರೆ ಒಳಗೆ ಕೂರುವುದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯ ಸಂಖ್ಯೆ, ಎರಡು ಸ್ಥಾನಕ್ಕೆ ಸರಿಹೊಂದಿಸಿದರೆ 1.01 ಆಗಬೇಕಾದದ್ದು 1.00ಕ್ಕೆ ಇಳಿಯುತ್ತದೆ. ಕೋಬಾಲ್‌ನಲ್ಲಿ ಸರಿಹೊಂದಿಸುವ ನಮ್ಮ ‘ರೌಂಡೆಡ್’ ಅರ್ಧವನ್ನು ಮೇಲಕ್ಕೆ ಒಯ್ಯುತ್ತದೆ.

ಹುಡುಗರು ಜಾವಾದಲ್ಲಿ ಹತ್ತರ ಲೆಕ್ಕದಲ್ಲೇ ನಡೆಯುವ ಬಿಗ್‌ಡೆಸಿಮಲ್‌ಗೆ ಬದಲಿಸಿ, ಅರ್ಧವನ್ನು ಮೇಲಕ್ಕೆ ಒಯ್ಯುವ ವಿಧಾನವನ್ನೇ ಆರಿಸಿದರು. ಪೈಸೆಗಳು ಸರಿಹೋದವು. ಮೊದಲ ಬಾರಿಗೆ ಆ ಕೋಣೆಯಲ್ಲಿ ನನ್ನನ್ನು ಯಾರೋ ಏನನ್ನೋ ಕೇಳಿದರು.

ಸೆಮಿಕೋಲನ್

ಸರ್, ಎರಡು ಎಚ್ಚರಿಕೆ. ಮೌಲ್ಯವನ್ನು ಬಿಗ್‌ಡೆಸಿಮಲ್‌ಗೆ ಕೊಡುವಾಗ ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿ ಕೊಡಿ. ಡಬಲ್ ಕೊಟ್ಟರೆ ಅದರ ಕೊಳೆಯೂ ಜೊತೆಗೇ ಬರುತ್ತದೆ. ಇನ್ನು 2.0 ಮತ್ತು 2.00 ಸಮವೇ ಎಂದು ‘ಈಕ್ವಲ್ಸ್’ ಮೆಥಡ್‌ನಿಂದ ಕೇಳಿದರೆ ಅಲ್ಲ ಎನ್ನುತ್ತದೆ, ದಶಮಾಂಶ ಸ್ಥಾನಗಳನ್ನೂ ಎಣಿಸುವುದರಿಂದ. ‘ಕಂಪೇರ್‌ಟು’ ಬಳಸಿ. ಇದಕ್ಕೆ ನನ್ನದೊಂದು ಶನಿವಾರ ಬಲಿಯಾಗಿದೆ.

ನಿವೃತ್ತ ಮೇಷ್ಟ್ರು

ಇನ್ನು ನಿಮ್ಮ ಮೊದಲ ಪ್ರಶ್ನೆ, ಬೆರಳು ಎಲ್ಲಿಡಬೇಕು ಎಂಬುದು ಉಳಿದಿದೆ. ಕಂಪ್ಯೂಟರ್ ಮುಚ್ಚಿ ಅಂಚೆ ಕಾರ್ಡಿನಷ್ಟು ದೊಡ್ಡ ರಟ್ಟು ತೆಗೆದುಕೊಳ್ಳಿ. ಕ್ಲಾಸಿಗೆ ಒಂದರಂತೆ. ಮೇಲೆ ಹೆಸರು, ಎಡಕ್ಕೆ ಅದರ ಹೊಣೆಗಳು, ಬಲಕ್ಕೆ ಅದು ಯಾರ ಸಹಾಯ ಕೇಳುತ್ತದೆ ಎಂಬುದು. ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ 1989ರಲ್ಲಿ ಬರೆದ ಉಪಾಯ, ಅದೂ ಹಳೆಯ ಶೈಲಿಯಿಂದ ಬರುವವರಿಗೆ ಕಲಿಸಲೆಂದೇ. ಮೇಲಿನಿಂದ ಕೆಳಕ್ಕೆ ಓದುವ ಆಸೆ ಬಿಡಿ. ಒಂದು ಪಾಲಿಸಿಯ ಕಂತು ಕಟ್ಟುವ ಒಂದೇ ಪ್ರಸಂಗ ಹಿಡಿದು, ಕಾರ್ಡಿನಿಂದ ಕಾರ್ಡಿಗೆ ಯಾರು ಯಾರನ್ನು ಕೇಳುತ್ತಾರೆ ಎಂದು ಬೆರಳು ಓಡಿಸಿ.

ಎಂಬತ್ತು ಕಾಲಂ

ಮನೆಯಲ್ಲಿ ರಟ್ಟು ಎಂದರೆ ಲಗ್ನಪತ್ರಿಕೆಗಳು. ಮೂರು ವರ್ಷದ್ದನ್ನು ನಮ್ಮ ಮನೆಯವರು ಒಂದು ಚೀಲದಲ್ಲಿ ಕೂಡಿಟ್ಟಿದ್ದರು. ಖಾಲಿ ಬೆನ್ನಿದ್ದವನ್ನು ಕತ್ತರಿಸಿ ಭಾನುವಾರ ಊಟದ ಮೇಜಿನ ಮೇಲೆ ಹರಡಿದೆ. ಒಂದು ಕಡೆ ಗಣಪತಿ, ಇನ್ನೊಂದು ಕಡೆ ಕ್ಲಾಸ್.

ನಲವತ್ತು ಫೈಲಿನಲ್ಲಿ ನಿಜವಾಗಿ ಕೆಲಸ ಮಾಡುವವರು ಒಂಬತ್ತೇ ಜನ. ಉಳಿದವರು ಕಡತ ದಾಟಿಸುವವರು. ‘ಪಾಲಿಸಿ’ ಕಾರ್ಡಿನಲ್ಲಿ ಹೊಣೆಗಳು ಹದಿನಾಲ್ಕಾಗಿ ಜಾಗ ಸಾಲದೆ ಗಣಪತಿಯ ಕಡೆಗೂ ಹರಿದವು. ಪ್ರೀಮಿಯಂ ಲೆಕ್ಕ ಸಿಕ್ಕಿತು: ನಾನು ಮಹಡಿಯಲ್ಲಿ ಕಂಡ ಆ ಇಂಟರ್ಫೇಸ್ ಇತ್ತಲ್ಲ, ಅದು ಫಾಕ್ಸ್ ಅವರು ಹೇಳಿದ ಜೇಬಿನ ಚೀಟಿಯೇ. ಅದರ ಹಿಂದೆ ಏಳು ನಿಯಮಗಳು, ಏಳು ಫೈಲುಗಳಲ್ಲಿ. ನಮ್ಮ ಹಳೆಯ ಇವ್ಯಾಲ್ಯುಯೇಟ್‌ನಲ್ಲಿ ಎಂಟು ‘ವೆನ್’ ಇದ್ದವು. ಎಣಿಸಿ ಎಣಿಸಿ ನೋಡಿದೆ. ಅಂಗವೈಕಲ್ಯದ ಹೆಚ್ಚುವರಿ ರಕ್ಷಣೆಯ ಲೆಕ್ಕ ಹೊಸದರಲ್ಲಿ ಇಲ್ಲ.

ನಾಳೆ ಬೆಳಗ್ಗೆ ತಂಡದ ಸಭೆಯಿದೆ. ಎಂಟನೆಯ ಚೀಟಿಯನ್ನು ನಾನೇ ಬರೆಯುತ್ತೇನೆ ಎಂದು ಹೇಳುವವನಿದ್ದೇನೆ. ಒಂದೇ ಅನುಮಾನ: ಆ ಲೆಕ್ಕಕ್ಕೆ ಗ್ರಾಹಕರ ಉದ್ಯೋಗವೂ ಬೇಕು, ಅದು ಪಾಲಿಸಿಯ ಬೀರಿನಲ್ಲಿಲ್ಲ. ನಿಯಮ ನೇರವಾಗಿ ಗ್ರಾಹಕರ ಆಬ್ಜೆಕ್ಟ್ ಅನ್ನು ಕೇಳಬಹುದೇ, ಪಾಲಿಸಿಯ ಮೂಲಕವೇ ಹೋಗಬೇಕೇ?

ಮಲೆನಾಡಿನ ಫಾಕ್ಸ್

ಎರಡೂ ಬೇಡ. ಲೆಕ್ಕಕ್ಕೆ ಕರೆಯುವವರೇ ಉದ್ಯೋಗದ ಅಪಾಯದ ದರ್ಜೆಯನ್ನು ನಿಯಮದ ಕೈಗಿಡಲಿ. ನಿಯಮಕ್ಕೆ ಗ್ರಾಹಕರ ಪರಿಚಯವೇ ಬೇಕಿಲ್ಲ. ಉಳಿದ ಏಳು ನಿಯಮಗಳಿಗೆ ಈ ದರ್ಜೆ ಬೇಡವಾದ್ದರಿಂದ ಇಂಟರ್ಫೇಸ್ ಬದಲಿಸಲು ನಿಮ್ಮ ಹುಡುಗರು ತಕರಾರು ಎತ್ತುತ್ತಾರೆ. ಆಗ ಎಂಟು ‘ವೆನ್’ ಇರುವ ಹಳೆಯ ಲಿಸ್ಟಿಂಗನ್ನು ಮೇಜಿನ ಮೇಲೆ ಇಡಿ.